ಬೆಲೆ ಗೊತ್ತಿಲ್ಲದ ಅಕ್ಷರ

ದ್ವಾರಕನಾಥ ನಮ್ಮ ಮನೆಯ ಕಾಫಿ ಕುಡಿಯಲಿಲ್ಲ. ಅವತ್ತೇ ನನಗೆ ಅನುಮಾನ ಬಂತು.

ಮಗನನ್ನು ಮಣ್ಣಿಗೆ ಕೊಟ್ಟು ಬಂದ ವಾರ ಅದು. ನನ್ನ ರಾಕೇಶ ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಟ್ರಾಮಿಗೆ ಕಾಯುತ್ತ ನಿಂತವನು ಕುಸಿದ. ಮತ್ತೆ ಏಳಲಿಲ್ಲ. ನಾನು ಕೋಲಾರದ ಕಡೆಯಿಂದ ಹೊರಟು ಬಂದು ಸೇರುವ ಹೊತ್ತಿಗೆ ಅವನನ್ನು ತಣ್ಣನೆಯ ಕೋಣೆಯಲ್ಲಿ ಮಲಗಿಸಿದ್ದರು. ಇಲ್ಲಿಯೇ ಹೂಳಿದೆವು. ನಮ್ಮ ಕೇರಿಯ ದೇವತೆ ತಾಯಿ ಸಪ್ಪಲಮ್ಮನನ್ನು ಯಾಕಮ್ಮ ಎಂದು ಕೇಳಿದೆ. ದೀಪ ಹಚ್ಚುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ.

ದ್ವಾರಕನಾಥ ಮಗನ ಕಾರ್ಖಾನೆಯಲ್ಲಿಯೇ ದೊಡ್ಡ ಇಂಜಿನಿಯರು. ಇಲ್ಲಿಯ ಕನ್ನಡದವರಿಗೆಲ್ಲ ಅವನೇ ಹಿರಿಯ. ಅಣ್ಣನ ಮಗಳು ನಿಶ್ಚಿತಾಳನ್ನು ಕರೆದುಕೊಂಡು ಮಾತಾಡಿಸಲು ಬಂದ. ಫೋಟೋಗೆ ಕೈ ಮುಗಿದ. ರಾಕೇಶ ಒಳ್ಳೆಯ ಹುಡುಗ ಎಂದ. ಸೊಸೆ ಕೀರ್ತಿ ಕಾಫಿ ತಂದಿಟ್ಟಳು.

"ಕಾರ್ಯ ಎಲ್ಲ ಇಲ್ಲೇ ಮಾಡಿದ್ರಾ ಅಮ್ಮ? ಕ್ರಿಮೇಷನ್ನಿಗೆ ಸ್ಲಾಟ್ ಸಿಗೋದೇ ಕಷ್ಟ ಇಲ್ಲಿ," ಎಂದ.

"ಸುಡಲಿಲ್ಲಪ್ಪ. ಹೂಳಿದ್ವಿ."

"ಓ. ಲಿಂಗಾಯತರಾ ನೀವು?"

"ಅಲ್ಲ."

ಅವನು ಮುಂದೆ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಕೈ ಲೋಟದ ಹತ್ತಿರ ಹೋಗಿತ್ತು. ಅಲ್ಲಿಂದ ಮೊಣಕಾಲಿನ ಮೇಲೆ ಬಂತು. "ಅಸಿಡಿಟಿ ಅಮ್ಮ. ಡಾಕ್ಟ್ರು ಕಾಫಿ ಬಿಡಿಸಿಬಿಟ್ಟಿದಾರೆ," ಎಂದ. ನಿಶ್ಚಿತಾ ಅಷ್ಟು ಹೊತ್ತಿಗೆ ಅರ್ಧ ಕುಡಿದಿದ್ದಳು. ಚಿಕ್ಕಪ್ಪನ ಮುಖ ನೋಡಿ ಅವಳೂ ಲೋಟ ಕೆಳಗಿಟ್ಟಳು.

ನಿಶ್ಚಿತಾ ಕೀರ್ತಿಯ ಜೊತೆ ಒಂದೇ ತರಗತಿಯಲ್ಲಿ ಓದುತ್ತಿದ್ದಳು. ಅದುವರೆಗೆ ವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ಲೆಕ್ಕ ಮಾಡುತ್ತಿದ್ದಳಂತೆ. ಆಮೇಲೆ ಬರಲಿಲ್ಲ.

"ಅವಳಿಗೆ ಕೆಲಸ ಇರತ್ತೆ. ನೀವು ಎಲ್ಲರ ಮೇಲೂ ಅನುಮಾನ ಪಡ್ತೀರಿ ಅತ್ತೆ," ಎಂದಳು ಕೀರ್ತಿ.

ಹೌದು, ಪಡುತ್ತೇನೆ. ಹುಟ್ಟಿದ ಕೇರಿ ಅದನ್ನು ಕಲಿಸಿದೆ.

ಕೀರ್ತಿ ಕೆಲಸ ಮಾಡುವುದು ಬಟ್ಟೆ ಒಗೆಯುವ ಕಡೆ. ಚಿಪ್ ಮಾಡುವವರು ತಲೆಯಿಂದ ಕಾಲಿನವರೆಗೆ ಬಿಳಿಯ ಅಂಗಿ ತೊಟ್ಟು ಒಳಗೆ ಹೋಗುತ್ತಾರೆ. ಒಂದು ಕಣ ಧೂಳು ಬಿದ್ದರೂ ಚಿಪ್ ಕೆಡುತ್ತದೆ. ಆ ಅಂಗಿಗಳನ್ನು ಒಗೆದು, ಒಣಗಿಸಿ, ಮಡಿಸಿ ಕಳಿಸುವುದು ಇವಳ ಕೆಲಸ. ಯಂತ್ರ ಒಗೆಯುತ್ತದೆ. ಆದರೆ ಒದ್ದೆ ಬಟ್ಟೆಯ ರಾಶಿಯನ್ನು ಎಳೆದು ಹೊರಗೆ ಹಾಕುವುದು ಮನುಷ್ಯರೇ. ಸೊಂಟ ಹಿಡಿಯುತ್ತದೆ. ಮದ್ದಿನ ನೀರಿಗೆ ಬೆರಳಿನ ಚರ್ಮ ಸುಲಿಯುತ್ತದೆ. ಆ ದಿನಗಳಲ್ಲಿ ಅವಳ ಎಡ ಮುಂಗೈಗೆ ಹಬೆ ತಾಗಿ ಸುಟ್ಟಿತ್ತು. ಬ್ಯಾಂಡೇಜು ಸುತ್ತಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದು ಬಲಗೈಯ ಸುಲಿದ ಬೆರಳುಗಳಲ್ಲಿ ಪೆನ್ನು ಹಿಡಿಯುತ್ತಿದ್ದಳು.

ಓದಿಗೆ ಅವಳನ್ನು ಸೇರಿಸಿದವನು ರಾಕೇಶ. ಇಲ್ಲಿಯ ತಾಂತ್ರಿಕ ಕಾಲೇಜಿನಲ್ಲಿ, ಓದು ಬಿಟ್ಟು ಬಹಳ ಕಾಲವಾದವರಿಗೆ ಮೊದಲು ಬೀಜಗಣಿತ ಕಲಿಸುತ್ತಾರೆ. ಅದಕ್ಕೆ ಫೋರ್‌ಕುರ್ಸ್ ಎನ್ನುತ್ತಾರೆ. ಅದರಲ್ಲಿ ಪಾಸಾದವರಿಗೆ ಕಾಲೇಜಿನಲ್ಲಿ ಜಾಗ. ಕೀರ್ತಿ ಇಲ್ಲಿಗೆ ಬಂದಿದ್ದು ಗಂಡನ ವೀಸಾದ ಮೇಲೆ. ಈಗ ಗಂಡನಿಲ್ಲ. ಪರದೇಶದವರ ಕಚೇರಿಯಲ್ಲಿ ಬೇಸಿಗೆಯವರೆಗೆ ಮಾತ್ರ ಗಡುವು ಕೊಟ್ಟಿದ್ದರು. ಕಾಲೇಜಿನಲ್ಲಿ ಜಾಗ ಸಿಕ್ಕರೆ ಇರಬಹುದು. ಇಲ್ಲದಿದ್ದರೆ ಹೊರಡಬೇಕು. ಮಣ್ಣಿನಲ್ಲಿರುವ ಗಂಡನನ್ನು ಇಲ್ಲಿಯೇ ಬಿಟ್ಟು ಹೊರಡಬೇಕು.

"ನಾನು ಹೋಗಲ್ಲ ಅತ್ತೆ. ಹೋದ್ರೆ ಅವರಿಗೆ ಹಾಲು ಹಾಕೋರು ಯಾರು?" ಎಂದಳು.

ಆ ಮಾತಿಗೆ ನಾನು ಊರಿಗೆ ಬಾ ಎನ್ನುವುದನ್ನು ನಿಲ್ಲಿಸಿದೆ. ಅಡಿಗೆಮನೆಯ ಮೇಜಿನಲ್ಲಿ ಅವಳ ಎದುರಿಗೆ ಕೂರಲು ಆರಂಭಿಸಿದೆ.

ನಾನು ಸರ್ಕಾರಿ ಶಾಲೆಯ ಟೀಚರು. ನಿವೃತ್ತಿಯಾಗುವವರೆಗೂ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಕೂಡುವುದು ಕಳೆಯುವುದು ಬಲ್ಲೆ. ಬೀಜಗಣಿತ ನನಗೆ ತಿಳಿಯದು. ಎಕ್ಸ್ ಎಂಬುದನ್ನು ಕಂಡಾಗ ಅದರ ಮೇಲೂ ನನಗೆ ಅನುಮಾನವೇ ಆಯಿತು.

"ಬೆಲೆ ಗೊತ್ತಿಲ್ಲ ಅಂತೀಯ. ಗೊತ್ತಿಲ್ಲದ್ದನ್ನ ಕೂಡ್ತೀಯ, ಕಳೀತೀಯ. ಇದೆಂಥ ಲೆಕ್ಕವೇ?"

"ಗೊತ್ತಿಲ್ದೇ ಇದ್ರೂ ಮರ್ಯಾದೆ ಕೊಡಬೇಕು ಅತ್ತೆ. ಕೊನೇಲಿ ಗೊತ್ತಾಗತ್ತೆ," ಎಂದು ನಕ್ಕಳು. ಮಗ ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಎಕ್ಸೇ ಯಾಕೆ? ಅವರ ಅಕ್ಷರ ಅದು."

"ಯಾವ ಅಕ್ಷರ ಬೇಕಾದ್ರೂ ಇಡಬಹುದಂತೆ. ಫ್ರಾವ್ ಲಿಂಡ್ನರ್ ಮೊದಲ ಕ್ಲಾಸಲ್ಲೇ ಹೇಳಿದ್ರು. ಯಾವುದು ಅಂತ ಮುಂಚೇನೇ ಹೇಳಿಬಿಡಬೇಕು, ಅಷ್ಟೇ ರೂಲು."

ಫ್ರಾವ್ ಲಿಂಡ್ನರ್ ಎಂದರೆ ಅವಳ ಟೀಚರು. ಬಹಳ ಗಟ್ಟಿ ಹೆಂಗಸೆಂದು ಕೀರ್ತಿ ಹೇಳುತ್ತಿದ್ದಳು. ನಮ್ಮ ಶಾಲೆಗಳಲ್ಲಿ, ಸಮ ಚಿಹ್ನೆಯ ಆ ಕಡೆಗೆ ಹೋದರೆ ಕೂಡುವುದು ಕಳೆಯುವುದಾಗುತ್ತದೆ ಎಂದು ಕಲಿಸುತ್ತಾರೆ. ಕೀರ್ತಿಯೂ ಹಾಗೆಯೇ ಮಾಡಿದ್ದಳು. ಐದನ್ನು ಆ ಕಡೆಗೆ ದಾಟಿಸಿ ಚಿಹ್ನೆ ಬದಲಾಯಿಸಿದ್ದಳು. ಫ್ರಾವ್ ಲಿಂಡ್ನರ್ ಎಲ್ಲರ ಮುಂದೆ ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿದಳಂತೆ. ಯಾವುದೂ ಎಲ್ಲಿಗೂ ದಾಟುವುದಿಲ್ಲ, ದಾಟಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ ಎಂದಳಂತೆ. ಸಾಲಿನ ಕೊನೆಗೆ ಒಂದು ನೆಟ್ಟನೆಯ ಗೆರೆ ಎಳೆಯಬೇಕು. ಗೆರೆಯ ಪಕ್ಕದಲ್ಲಿ, ಏನು ಮಾಡುತ್ತೇನೆಂದು ಬರೆಯಬೇಕು. ಬರೆದದ್ದನ್ನು ಎರಡೂ ಕಡೆಗೆ ಮಾಡಬೇಕು. ಒಂದು ಕಡೆ ಐದು ಕಳೆದರೆ ಇನ್ನೊಂದು ಕಡೆಯೂ ಐದು ಕಳೆಯಬೇಕು.

"ಆಯಮ್ಮ ಹೇಳಿದ್ದು ಸರಿಯೇ. ಸಮುದ್ರ ದಾಟಿ ಬಂದ್ವಿ. ಆ ಲೋಟದ ಕಾಫಿ ಹಂಗೇ ಉಳೀತು," ಎಂದೆ.

"ಅತ್ತೆ, ಆ ಕಾಫಿ ಬಿಟ್ಬಿಡಿ ಇನ್ನ."

ಇನ್ನೊಂದು ತಪ್ಪನ್ನು ಅವಳು ಮತ್ತೆ ಮತ್ತೆ ಮಾಡುತ್ತಿದ್ದಳು. ಎಕ್ಸಿನ ವರ್ಗ ಐದು ಎಕ್ಸಿಗೆ ಸಮ ಎಂದು ಲೆಕ್ಕ. ಇವಳು ಎರಡೂ ಕಡೆಯ ಎಕ್ಸನ್ನು ಹೊಡೆದುಹಾಕಿ, ಉತ್ತರ ಐದು ಎಂದು ಬರೆಯುತ್ತಿದ್ದಳು. ಅರ್ಧ ತಪ್ಪು. ಸೊನ್ನೆಯೂ ಉತ್ತರವೇ. ಹೊಡೆದುಹಾಕುವ ಅವಸರದಲ್ಲಿ ಸೊನ್ನೆ ಕಳೆದುಹೋಗುತ್ತದೆ. "ಕಣ್ಣಿಗೆ ಬೀಳೋದೇ ಇಲ್ಲ ಅತ್ತೆ," ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ಅವಳ ಹಣೆಗೆ ಕುಂಕುಮ ಇಟ್ಟು ಕಳಿಸಿದೆ.

ನಮ್ಮ ಕಡೆ ಪರೀಕ್ಷೆಗೆ ಕೂತ ಮಕ್ಕಳು ಉತ್ತರಪತ್ರಿಕೆಯ ನೆತ್ತಿಯ ಮೇಲೆ ದೇವರ ಹೆಸರು ಬರೆಯುತ್ತಾರೆ. ಕೆಲವರು ಶ್ರೀ ಎಂದು, ಕೆಲವರು ಓಂ ಎಂದು. ನಮ್ಮ ಕೇರಿಯ ಮಕ್ಕಳು ಸಪ್ಪಲಮ್ಮ ಎಂದು ಬರೆಯುತ್ತಾರೆ. ನಮ್ಮ ತಾಯಿಗೆ ಗೋಪುರವಿಲ್ಲ. ಹೊಂಗೆಯ ಬುಡದಲ್ಲಿ ಸಾಲಾಗಿ ನಿಂತ ಕಲ್ಲುಗಳು, ಅರಿಸಿನ, ಕುಂಕುಮ. ಪೂಜಾರಿಯೂ ನಮ್ಮವನೇ. ಊರಿನ ದೇವಸ್ಥಾನದೊಳಗೆ ನಮಗೆ ಪ್ರವೇಶವಿಲ್ಲದ ಕಾಲದಲ್ಲಿ ನಮ್ಮ ಮಾತು ಕೇಳಿದವಳು ಅವಳೊಬ್ಬಳೇ. ಕೀರ್ತಿ ಏಳನೇ ತರಗತಿಯಿಂದ ಅವಳ ಹೆಸರು ಬರೆದೇ ಪೆನ್ನು ಓಡಿಸಿದವಳು. ಅವತ್ತೂ ಸಪ್ಪಲಮ್ಮ ತಾಯಿ ಎಂದು ಬರೆದಳು. ಕೆಳಗೆ ಗಂಡನ ಹೆಸರನ್ನೂ ಬರೆದಳು.

ಇಲ್ಲಿಯ ಪತ್ರಿಕೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಯಾರದೆಂದು ತಿಳಿಯುವ ಗುರುತು ಹಾಕಬಾರದು. ಪರೀಕ್ಷೆ ಕಾಯುತ್ತಿದ್ದವನು ಕೀರ್ತಿಯ ಹಾಳೆಯ ಮೇಲೆ ಗುಂಡು ಗುಂಡಾದ ಅಕ್ಷರಗಳನ್ನು ಕಂಡ. ಏನಿದು ಎಂದ. ಪ್ರಾರ್ಥನೆ ಎಂದಳು. ಅವನು ಬ್ಯಾಂಡೇಜು ನೋಡಿದ. ಒಬ್ಬ ಹೆಂಗಸನ್ನು ಕರೆಸಿದ. ಆಕೆ ಇವಳನ್ನು ಎಬ್ಬಿಸಿಕೊಂಡು ಹೋಗಿ ಬಚ್ಚಲಿನಲ್ಲಿ ನಿಲ್ಲಿಸಿದಳು. ಅಂಗಿಯ ತೋಳು ಮಡಿಸು ಎಂದಳು. ಬ್ಯಾಂಡೇಜು ಬಿಚ್ಚು ಎಂದಳು. ಒಳಗೆ ಏನಾದರೂ ಬರೆದುಕೊಂಡಿದ್ದಾಳೆಯೋ ಎಂದು ಅನುಮಾನ. ಬಟ್ಟೆ ಹುಣ್ಣಿಗೆ ಅಂಟಿತ್ತು. ಎಳೆದಳು. ಸುಟ್ಟ ಚರ್ಮ ಕಂಡಿತು. ಬೇರೇನೂ ಕಾಣಲಿಲ್ಲ. ಸರಿ, ಹೋಗಿ ಬರಿ ಎಂದಳು.

ಹೋಗಿ ಬರೆದಳು. ರಕ್ತ ಒಸರುತ್ತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಕಾಲೇಜಿನಿಂದ ವಿಚಾರಣೆಗೆ ಕರೆ ಬಂದಮೇಲೆ. ಅಲ್ಲಿಯವರೆಗೆ ಬ್ಯಾಂಡೇಜು ತಾನೇ ಬಿಚ್ಚಿಕೊಂಡಿತು ಎಂದಿದ್ದಳು.

ಪತ್ರಿಕೆ ತಿದ್ದುವಾಗ ಇನ್ನೊಂದು ಹಾಳೆಯ ಮೇಲೂ ಅಂಥದೇ ಅಕ್ಷರ ಸಿಕ್ಕಿತ್ತು. ಅದು ನಿಶ್ಚಿತಾಳದು. ಅವಳು ಶ್ರೀ ಎಂದು ಬರೆದಿದ್ದಳು. ಇಬ್ಬರೂ ಸೇರಿ ಏನೋ ಸಂಜ್ಞೆ ಮಾಡಿಕೊಂಡಿದ್ದಾರೆ ಎಂದು ಕಾಲೇಜಿನವರ ಅನುಮಾನ. ಅಕ್ಷರಗಳನ್ನು ಫೋನಿಗೆ ತೋರಿಸಿದರಂತೆ. ಫೋನು ಶ್ರೀ ಎಂದರೆ ಮಿಸ್ಟರ್ ಎಂದಿತಂತೆ. ಸಪ್ಪಲಮ್ಮ ಎಂಬುದಕ್ಕೆ ಏನೂ ಹೇಳಲಿಲ್ಲವಂತೆ. ಹುಡುಗಿಯರ ಮಾತನ್ನೇ ನಂಬುವ ಹಾಗಿಲ್ಲ. ಬರಹ ಬಲ್ಲ ದೊಡ್ಡ ಮನುಷ್ಯನೊಬ್ಬ ಬೇಕು. ದ್ವಾರಕನಾಥನ ಕಾರ್ಖಾನೆಗೆ ಆ ಕಾಲೇಜಿನ ಮಕ್ಕಳು ತರಬೇತಿಗೆ ಹೋಗುತ್ತಾರೆ. ಹಾಗಾಗಿ ಅವನು ಅವರಿಗೆ ಗೊತ್ತು. ನಿಶ್ಚಿತಾಳಿಗೆ ಏನಾಗಬೇಕೆಂದು ಕೇಳದೆ ಅವನನ್ನೇ ಕರೆದರು.

"ನೋಡಿದ್ರಾ ಅತ್ತೆ? ನಮ್ಮೋರೇ ಬರ್ತಿದಾರೆ. ಒಂದು ಮಾತು ಹೇಳಿದ್ರೆ ಮುಗೀತು," ಎಂದಳು ಕೀರ್ತಿ.

ನಾನೂ ಬರುತ್ತೇನೆ ಎಂದೆ.

ಕೋಣೆ ಚೊಕ್ಕಟವಾಗಿತ್ತು. ಗೋಡೆಗೆ ಬಿಳಿಯ ಬೋರ್ಡು. ಮೇಜಿನ ಆ ಕಡೆ ಫ್ರಾವ್ ಲಿಂಡ್ನರ್, ಪಕ್ಕದಲ್ಲಿ ಕೋರ್ಸಿನ ಮುಖ್ಯಸ್ಥ. ಈ ಕಡೆ ಕೀರ್ತಿ, ನಾನು, ನಿಶ್ಚಿತಾ. ದ್ವಾರಕನಾಥ ನಮ್ಮ ಕಡೆ ಕೂರಲಿಲ್ಲ, ಅವರ ಕಡೆ ಕೂತ. ಕೋಟು ಹಾಕಿದ್ದ. ಅವರು ಕೊಟ್ಟ ಕಾಫಿಯನ್ನು ಕುಡಿಯುತ್ತಿದ್ದ.

ನಾನು ಕೀರ್ತಿಯ ಕೈ ಅದುಮಿದೆ. ಅವಳೂ ನೋಡಿದ್ದಳು.

ಮೊದಲು ನಿಶ್ಚಿತಾಳ ಹಾಳೆ ತೋರಿಸಿದರು. ದ್ವಾರಕನಾಥ ಜರ್ಮನಿನಲ್ಲಿ ಬಹಳ ಹೊತ್ತು ಮಾತಾಡಿದ. ಕೈಯಾಡಿಸಿ ಮಾತಾಡಿದ. ಕೀರ್ತಿ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು. ಇದು ಸಾವಿರಾರು ವರ್ಷಗಳ ಸಂಪ್ರದಾಯ. ಪವಿತ್ರ ಅಕ್ಷರ. ನಾನೂ ಇಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಬರೆದಿದ್ದೇನೆ. ನಮ್ಮ ಮಕ್ಕಳೆಲ್ಲ ಬರೆಯುತ್ತಾರೆ.

ಮುಖ್ಯಸ್ಥ ತಲೆಯಾಡಿಸಿದ. ಹಾಳೆ ಪಕ್ಕಕ್ಕೆ ಹೋಯಿತು. ಕೀರ್ತಿಯ ಹಾಳೆ ಮುಂದೆ ಬಂತು.

ದ್ವಾರಕನಾಥ ಅದನ್ನು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. ಈ ಸಲ ಚಿಕ್ಕದಾಗಿ ಮಾತಾಡಿದ.

ನಾನು ಕೀರ್ತಿಯ ಕಡೆಗೆ ಕಿವಿ ಕೊಟ್ಟೆ.

"ಏನಂದ?"

"ಗೊತ್ತಿಲ್ಲ ಅಂದ್ರು. ಈ ಹೆಸರಿನ ದೇವರು ತನಗೆ ಗೊತ್ತಿಲ್ಲ, ಓದಿದೋರು ಯಾರೂ ಇದನ್ನ ಬರಿಯಲ್ಲ ಅಂದ್ರು. ಕೆಳಗಿರೋದು ಯಾರೋ ಗಂಡಸಿನ ಹೆಸರು, ಯಾಕೆ ಬರೆದಿದಾಳೋ ತಾನು ಹೇಳೋಕಾಗಲ್ಲ ಅಂದ್ರು."

ಆಮೇಲೆ ಅವಳು ಅವನ ಕಡೆಗೇ ತಿರುಗಿದಳು. "ಅಂಕಲ್, ದೇವರು ಅಂತ ಒಂದು ಮಾತು ಹೇಳೋಕೆ ಏನಾಯ್ತು ನಿಮಗೆ?"

"ನೋಡಮ್ಮ, ನಂಗೆ ಗೊತ್ತಿರೋದನ್ನ ಮಾತ್ರ ನಾನು ಹೇಳೋಕಾಗೋದು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇಲ್ಲಿ ನನ್ನ ರೆಪ್ಯುಟೇಷನ್ ಏನಾಗ್ಬೇಕು?"

ಮುಖ್ಯಸ್ಥ ತೀರ್ಮಾನ ಹೇಳಿದ. ನಿಶ್ಚಿತಾಳ ಪತ್ರಿಕೆ ಊರ್ಜಿತ. ಕೀರ್ತಿಯದು ರದ್ದು. ಅಕ್ರಮ ಗುರುತು ಹಾಕಿದೆನೆಂದು ಒಪ್ಪಿ ಸಹಿ ಹಾಕಿದರೆ ಮುಂದಿನ ಚಳಿಗಾಲದಲ್ಲಿ ಮತ್ತೆ ಕೂರಬಹುದು.

ಚಳಿಗಾಲದಲ್ಲಿ ಅವಳು ಈ ದೇಶದಲ್ಲಿ ಇರುವಂತಿಲ್ಲ.

"ಹಾಕಿಬಿಡಮ್ಮ ಸಹಿ. ಕೇಸು ಬೆಳೆಸ್ಬೇಡ. ಮುಂದಿನ ಸಲ ನೀಟಾಗಿ ಶ್ರೀ ಅಂತ ಬರಿ, ಯಾರೂ ಕೇಳಲ್ಲ," ಎಂದ ದ್ವಾರಕನಾಥ. ನನ್ನ ಕಡೆ ನೋಡಿದ. "ಅಮ್ಮ, ದೊಡ್ಡೋರು ನೀವಾದ್ರೂ ಹೇಳಿ."

ನಾನು ಎದ್ದು ನಿಂತೆ. ಹಾಳೆಯನ್ನು ಎಳೆದು ಅವನ ಮುಂದಿಟ್ಟೆ.

"ಓದು," ಎಂದೆ.

"ಅಮ್ಮ?"

"ಓದೋಕೆ ಕರೆಸಿದಾರೆ ನಿನ್ನ. ನೀನು ಓದಲೇ ಇಲ್ಲ. ಅಕ್ಷರ ಕೂಡಿಸಿ ಓದಪ್ಪ. ಗಟ್ಟಿಯಾಗಿ."

ಒಂದನೇ ತರಗತಿಯ ಮಕ್ಕಳಿಗೆ ಹೇಳುವ ದನಿ ನನ್ನ ಗಂಟಲಿನಲ್ಲಿ ತಾನಾಗಿ ಬಂತು. ಆ ದನಿಗೆ ಎಂಥವರೂ ಓದುತ್ತಾರೆ. ಅವನು ಆ ಕಡೆ ಈ ಕಡೆ ನೋಡಿದ. ಫ್ರಾವ್ ಲಿಂಡ್ನರ್ ಅವನನ್ನೇ ನೋಡುತ್ತಿದ್ದಳು. ಮಾತು ತಿಳಿಯದಿದ್ದರೂ ಟೀಚರಿಗೆ ಟೀಚರಿನ ದನಿ ತಿಳಿಯುತ್ತದೆ.

"ಸಪ್ಪಲಮ್ಮ ತಾಯಿ," ಎಂದ ದ್ವಾರಕನಾಥ.

"ತಾಯಿ ಅಂದರೇನು?"

ಅವನ ಕೈ ಕಾಫಿಯ ಕಡೆಗೆ ಹೋಯಿತು.

"ಕೆಳಗಡೆ ಓದು."

"ರಾಕೇಶ."

"ರಾಕೇಶ ಯಾರು ಅಂತ ಗೊತ್ತಿಲ್ವಾ ನಿನಗೆ? ನಮ್ಮನೆಗೆ ಬಂದು ಅವನ ಫೋಟೋಗೆ ಕೈ ಮುಗಿದೆಯಲ್ಲಪ್ಪ. ನನ್ನ ಮಗ ಅವನು. ಯಾರೋ ಗಂಡಸು ಅಂದೆಯಾ?"

ಅಳಬಾರದೆಂದುಕೊಂಡಿದ್ದೆ. ಅತ್ತುಬಿಟ್ಟೆ. ನಿಶ್ಚಿತಾ ತಲೆ ಬಗ್ಗಿಸಿ ತನ್ನ ಶೂ ನೋಡುತ್ತಿದ್ದಳು.

ಕೀರ್ತಿ ಎದ್ದಳು. ಬೋರ್ಡಿನ ಹತ್ತಿರ ಹೋಗಿ ಪೆನ್ನು ತೆಗೆದುಕೊಂಡಳು. ಎಡಗಡೆ ಶ್ರೀ ಎಂದು ಬರೆದಳು. ನಡುವೆ ಸಮ ಚಿಹ್ನೆ ಹಾಕಿದಳು. ಬಲಗಡೆ ಸಪ್ಪಲಮ್ಮ ಎಂದು ಬರೆದಳು. ಸಾಲಿನ ಕೊನೆಗೆ ನೆಟ್ಟನೆಯ ಗೆರೆ ಎಳೆದಳು.

ಫ್ರಾವ್ ಲಿಂಡ್ನರ್ ಕಡೆ ತಿರುಗಿ ಜರ್ಮನಿನಲ್ಲಿ ಮಾತಾಡಿದಳು. ಅವಳ ಜರ್ಮನ್ ಚಿಕ್ಕದು. ತಡವರಿಸಿದಳು. ಆದರೆ ನಿಲ್ಲಿಸಲಿಲ್ಲ. ಹೇಳಿದ್ದಿಷ್ಟು. ನೀವೇ ಕಲಿಸಿದ್ದು. ಒಂದು ಕಡೆ ಮಾಡಿದ್ದನ್ನು ಇನ್ನೊಂದು ಕಡೆಯೂ ಮಾಡಬೇಕು. ಆ ಕಡೆಯದು ಪ್ರಾರ್ಥನೆಯಾದರೆ ಈ ಕಡೆಯದೂ ಪ್ರಾರ್ಥನೆ. ಈ ಕಡೆಯದು ಮೋಸವಾದರೆ ಆ ಕಡೆಯದೂ ಮೋಸ. ಗೆರೆಯ ಪಕ್ಕದಲ್ಲಿ ಏನು ಬರೆಯುತ್ತೀರೋ ನೀವೇ ಬರೆಯಿರಿ. ನಾನು ಸಹಿ ಹಾಕುವುದಿಲ್ಲ.

ಪೆನ್ನನ್ನು ಮೇಜಿನ ಮೇಲಿಟ್ಟಳು. ಅಂಗಿಯ ತೋಳು ಮಡಿಸಿ, ಬ್ಯಾಂಡೇಜು ಬಿಚ್ಚಿ, ಮುಂಗೈ ಮುಂದೆ ಚಾಚಿದಳು. ಹುಣ್ಣು ಇನ್ನೂ ಹಸಿಯಾಗಿತ್ತು. "ನಿಶ್ಚಿತಾ ತೋಳನ್ನೂ ಹೀಗೆ ಬಿಚ್ಚಿಸಿ ನೋಡಿದ್ರಾ?" ಎಂದಳು. ಇದನ್ನು ಮೊದಲು ಕನ್ನಡದಲ್ಲಿ ದ್ವಾರಕನಾಥನಿಗೆ ಹೇಳಿದಳು, ಆಮೇಲೆ ಅವರಿಗೆ.

ನಮ್ಮನ್ನು ಹೊರಗೆ ಕೂರಿಸಿದರು. ಒಳಗೆ ಮಾತು ಜೋರಾಯಿತು. ಹೆಚ್ಚು ಕೇಳಿದ್ದು ಫ್ರಾವ್ ಲಿಂಡ್ನರಳ ದನಿ. ನಾನು ತಾಯಿಯನ್ನು ನೆನೆಯುತ್ತ ಕೂತೆ. ನಂಬಿಕೆಯಿಂದಲ್ಲ. ಕಾಲೇಜಿನವರನ್ನು ನಂಬದೆ ಇದ್ದುದರಿಂದ.

ಮತ್ತೆ ಕರೆದು ಹೊಸ ತೀರ್ಮಾನ ಹೇಳಿದರು. ಎರಡೂ ಪತ್ರಿಕೆ ರದ್ದು. ಇಬ್ಬರ ಮೇಲೂ ಆಪಾದನೆ ಇಲ್ಲ. ಸಹಿ ಬೇಡ. ಇಬ್ಬರಿಗೂ ಈ ತಿಂಗಳಲ್ಲೇ ಮರುಪರೀಕ್ಷೆ. ಹಾಳೆಯ ಮೇಲೆ ಲೆಕ್ಕ ಬಿಟ್ಟು ಬೇರೇನೂ ಇರಕೂಡದು. ಬಚ್ಚಲಿನ ವಿಷಯಕ್ಕೆ ಕ್ಷಮೆ ಕೇಳಲಿಲ್ಲ. ಮುಖ್ಯಸ್ಥ ಆ ಕಡೆ ನೋಡಲೇ ಇಲ್ಲ.

ಹೊರಗೆ ಬಂದಮೇಲೆ ದ್ವಾರಕನಾಥನ ಮುಖ ಕೆಂಪಾಗಿತ್ತು. "ನಿಶ್ಚಿತಾ ಏನ್ ತಪ್ಪು ಮಾಡಿದ್ಲು ಅಂತ ಅವಳಿಗೆ ಪನಿಶ್‌ಮೆಂಟು?" ಎಂದ.

"ನಾನೇನ್ ಮಾಡಿದ್ದೆ ಅಂಕಲ್?" ಎಂದಳು ಕೀರ್ತಿ.

ಅವನು ಲಿಫ್ಟಿನಲ್ಲಿ ಹೋದ. ನಾವು ಮೆಟ್ಟಿಲಿಳಿದೆವು.

ಯುಗಾದಿಗೆ ಕನ್ನಡದವರೆಲ್ಲ ಸೇರಿ ಊಟ ಮಾಡಿದರಂತೆ. ನಮಗೆ ಯಾರೂ ಹೇಳಲಿಲ್ಲ. ನಾವು ಸಮಾಧಿಗೆ ಹೋಗಿ ಹಾಲು ಹಾಕಿ, ಬೇವಿನ ಸೊಪ್ಪು ಸಿಗದೆ ಬರೀ ಬೆಲ್ಲ ಇಟ್ಟು ಬಂದೆವು.

ಮರುಪರೀಕ್ಷೆಯ ದಿನ ನಾನು ಕಾಲೇಜಿನ ಹೊರಗೆ ಬೆಂಚಿನ ಮೇಲೆ ಕಾದೆ. ನಿಶ್ಚಿತಾ ಮೊದಲು ಬಂದಳು. ನನ್ನನ್ನು ಕಂಡು ನಿಂತಳು. "ಸಾರಿ ಆಂಟಿ," ಎಂದಳು. ಒಳಗೆ ಹೇಳಬೇಕಾದದ್ದನ್ನು ಬೀದಿಯಲ್ಲಿ ಹೇಳಿದರೆ ಏನು ಪ್ರಯೋಜನ? ನಾನು ಮುಖ ತಿರುಗಿಸಿದೆ. ಆಮೇಲೆ ಕೀರ್ತಿ ಬಂದಳು. ಅವಳ ಮುಖದಲ್ಲಿ ಏನೋ ಇತ್ತು.

"ತಾಯಿ ಹೆಸರು ಬರೀಲಿಲ್ಲ ತಾನೆ?"

"ಮೇಲೆ ಏನೂ ಬರೀಲಿಲ್ಲ. ಲೆಕ್ಕ ಬಿಟ್ಟು ಏನೂ ಇಲ್ಲ."

"ಮತ್ತೆ ಯಾಕೆ ನಗ್ತೀಯ?"

"ಎಕ್ಸ್ ಇಡಲಿಲ್ಲ ಅತ್ತೆ. ಮೊದಲ ಸಾಲಲ್ಲೇ ಜರ್ಮನಿನಲ್ಲಿ ಬರೆದೆ. ಬೆಲೆ ಗೊತ್ತಿಲ್ಲದ ಸಂಖ್ಯೆಯನ್ನು ‘ಸ’ ಎಂದು ಇಟ್ಟುಕೊಳ್ಳೋಣ ಅಂತ. ಪ್ರತಿ ಲೆಕ್ಕಕ್ಕೂ ಅದೇ. ಸ ವರ್ಗ, ಎರಡು ಸ, ಸ ಭಾಗಿಸು ಮೂರು. ಕೊನೇವರೆಗೂ. ರೂಲು ಅವರದ್ದೇ ಅಲ್ವಾ? ಹೊಡೆದುಹಾಕೋದಾದ್ರೆ ಲೆಕ್ಕಾನೇ ಹೊಡೆದುಹಾಕಬೇಕು."

ನನಗೆ ಭಯವಾಯಿತು. ಇನ್ನೊಂದು ವಿಚಾರಣೆ ಬರುತ್ತದೆ ಎಂದುಕೊಂಡೆ. ಅವಳು ಬ್ಯಾಂಡೇಜು ಸರಿಮಾಡಿಕೊಂಡು ಅಲ್ಲಿಂದಲೇ ಕೆಲಸಕ್ಕೆ ಹೋದಳು.

ನಾನು ಊರಿಗೆ ಹೊರಡುವ ಮುಂಚೆ ಪತ್ರಿಕೆ ತಿದ್ದಿ ಕೊಟ್ಟರು. ಪಾಸು. ಕೀರ್ತಿ ಮೇಜಿನ ಮೇಲೆ ಹಾಳೆಗಳನ್ನು ಹರಡಿದಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದೆ. ಎಲ್ಲಿಯೋ ಮೋಸ ಇರಬೇಕು ಎಂದೇ ನೋಡಿದೆ.

ಒಂದು ಲೆಕ್ಕದಲ್ಲಿ ಕೀರ್ತಿ ತನ್ನ ಹಳೆಯ ತಪ್ಪನ್ನೇ ಮಾಡಿದ್ದಳು. ಎರಡೂ ಕಡೆಯ ಅಕ್ಷರವನ್ನು ಹೊಡೆದು, ಸೊನ್ನೆಯನ್ನು ಕಳೆದುಕೊಂಡಿದ್ದಳು. ಫ್ರಾವ್ ಲಿಂಡ್ನರ್ ಅದನ್ನು ತಿದ್ದಿದ್ದಳು. ತಿದ್ದುವುದಕ್ಕೆ ಅವಳೂ ಆ ಅಕ್ಷರವನ್ನು ಬರೆಯಲೇಬೇಕಾಗಿತ್ತು. ಕೆಂಪು ಶಾಯಿಯಲ್ಲಿ, ತನ್ನ ಕೈಯಾರೆ, ಸ ಸಮ ಸೊನ್ನೆ ಎಂದು ಬರೆದು, ಇದೂ ಉತ್ತರ ಎಂದು ಪಕ್ಕದಲ್ಲಿ ಸೇರಿಸಿದ್ದಳು.

"ನಮ್ಮ ತಾಯಿನ ಸೊನ್ನೆ ಅಂದಳಾ?" ಎಂದೆ.

"ಅಲ್ಲ ಅತ್ತೆ. ಅದನ್ನ ಬಿಟ್ರೆ ಲೆಕ್ಕ ತಪ್ಪು ಅಂದಿದಾರೆ."

ನಾನು ಆ ಕೆಂಪು ಅಕ್ಷರವನ್ನು ಹತ್ತಿರ ಹಿಡಿದು ನೋಡಿದೆ. ಹೊಟ್ಟೆ ಸೊಟ್ಟಗಿತ್ತು. ಎಡಗಡೆಗೆ ವಾಲಿತ್ತು. ತಲೆಕಟ್ಟು ಹಾಕಿರಲಿಲ್ಲ. ಒಂದನೇ ತರಗತಿಗೆ ಹೊಸದಾಗಿ ಬಂದ ಮಗುವಿನ ಕೈ.

ತಿದ್ದಿಸಬೇಕು.